ರೆಕ್ಕೆಯ ಹೊಲಿಗೆ

ಫೆಲ್ಸಿಗೆ ಬೆನ್ನುನೋವು ಶುರುವಾದದ್ದೇ ಆ ವಿಮಾನದಿಂದ. ದುಬೈಯ ಒಂದು ವರ್ಕ್‌ಶಾಪಿನಲ್ಲಿ ವಸ್ತುಪ್ರದರ್ಶನಗಳಿಗೆ ಪರದೆ, ಬ್ಯಾನರ್ ಹೊಲಿಯುವುದು ಅವಳ ಕೆಲಸ. ಅಲ್ಲಿಗೆ ಶಾಪಿಂಗ್ ಮಾಲೊಂದರಿಂದ ರೈಟ್ ಸಹೋದರರ ಮೊದಲ ವಿಮಾನದ ಮಾದರಿಗೆ ಆರ್ಡರ್ ಬಂತು. ಆ ರೆಕ್ಕೆಗಳಿಗಿದ್ದದ್ದು ತಗಡಲ್ಲ, ಮಸ್ಲಿನ್ ಬಟ್ಟೆ. ಬಡಗಿಗಳು ಮರದ ಚೌಕಟ್ಟು ಕಟ್ಟಿದರು. ಬಟ್ಟೆಯೆಲ್ಲ ಫೆಲ್ಸಿಯ ಪಾಲಿಗೆ ಬಂತು.

ಒಮ್ಮೆ ಹೊಲಿದು ಮುಗಿಸಿಯೂ ಇದ್ದಳು. ವಿಮಾನ ವಾಲದಂತೆ ಅದರ ರೆಕ್ಕೆಯ ತುದಿಗಳು ತಿರುಚಿಕೊಳ್ಳಬೇಕು. ತುದಿಗೆ ಕಟ್ಟಿದ ತಂತಿ ಎಳೆದು ನೋಡಿದಾಗ ಹೊಲಿಗೆ ಪರ್ರನೆ ಹರಿಯಿತು. ನೇರ ಕತ್ತರಿಸಿದ ಬಟ್ಟೆ ಹಿಗ್ಗುವುದಿಲ್ಲ; ಅದೇ ತಪ್ಪಾಗಿತ್ತು.

“ಪೂರಾ ಬಿಚ್ಚಬೇಕು, ಫೆಲ್ಸಿ ಬಾಯಿ. ಓರೆಯಾಗಿ ಕ್ರಾಸ್ ಕಟ್ ಮಾಡಿ ಹೊಲಿಯುವ,” ಎಂದ ಸೂಪರ್‌ವೈಸರ್ ರಂಜಿತ್, ಅವಳ ಮುಖ ನೋಡಲಾಗದೆ. ನೇರ ಕತ್ತರಿಸಲು ಹೇಳಿದವನು ಅವನೇ.

ಫೆಲ್ಸಿ ಜಗಳವಾಡಲಿಲ್ಲ. ಜಗಳಕ್ಕೂ ತ್ರಾಣ ಬೇಕಲ್ಲ. ಬಿಚ್ಚಿದಳು, ಮತ್ತೆ ಕತ್ತರಿಸಿದಳು, ಮತ್ತೆ ಹೊಲಿದಳು. ಅದೂ ಮುಗಿದ ಮಧ್ಯಾಹ್ನ ರಂಜಿತ್ ಹೇಳಿದ: “ನಮ್ಮಲ್ಲಿ ನೀವೇ ಸಪೂರ. ಇದರ ಮೇಲೆ ಒಮ್ಮೆ ಮಲಗಿ ನೋಡಿ. ಹರಿಯುವುದಿದ್ದರೆ ಈಗಲೇ ಹರಿಯಲಿ.”

ಆ ವಿಮಾನ ನಡೆಸುವವನು ಕೆಳಗಿನ ರೆಕ್ಕೆಯ ಮೇಲೆ ಬೋರಲು ಮಲಗಬೇಕು. ಸೊಂಟ ಸರಿಸಿದರೆ ತಂತಿ ಜಗ್ಗಿ ರೆಕ್ಕೆ ತಿರುಚಿಕೊಳ್ಳುತ್ತದೆ. ಫೆಲ್ಸಿ ಚಪ್ಪಲಿ ಕಳಚಿ ಮಲಗಿದಳು. ಎಡಕ್ಕೆ ಸರಿದಳು, ಬಲಕ್ಕೆ ಸರಿದಳು. ರೆಕ್ಕೆಗಳು ಕಿರುಗುಟ್ಟುತ್ತ ತಿರುಚಿಕೊಂಡವು. ಒಂದು ಎಳೆಯೂ ಬಿಡಲಿಲ್ಲ. ಬಡಗಿಗಳು ಚಪ್ಪಾಳೆ ತಟ್ಟಿದರು.

“ಸಾಕು ಬಾಯಿ, ಇಳಿಯಿರಿ.”

ಅವಳು ಅಲುಗಲಿಲ್ಲ. ರಂಜಿತ್ ಗಾಬರಿಯಿಂದ ಬಗ್ಗಿ ನೋಡಿದ. ನಿದ್ದೆ ಹೋಗಿದ್ದಳು.

ಅಷ್ಟರಲ್ಲಿ ಕೆಲಸ ನೋಡಲು ಮಾಲಿನ ಕಡೆಯ ಖದೀಜ ಮೇಡಂ ಬಂದರು. ಎಬ್ಬಿಸಲು ಹೊರಟ ರಂಜಿತ್‌ನನ್ನು ಕೈಸನ್ನೆಯಿಂದ ತಡೆದರು. “ಮಾಫಿ ಮುಶ್ಕಿಲ್, ತೊಂದರೆಯಿಲ್ಲ. ಮಲಗಲಿ.” ಸದ್ದಿಲ್ಲದೆ ವಿಮಾನಕ್ಕೆ ಒಂದು ಸುತ್ತು ಬಂದು, ಕುರ್ಚಿ ಎಳೆದು ಕೂತರು.

ಫೆಲ್ಸಿ ಎಚ್ಚೆತ್ತಾಗ ಕೆನ್ನೆಯ ಮೇಲೆ ಮರದ ಚೌಕಟ್ಟಿನ ಗುರುತು ಮೂಡಿತ್ತು. ನಾಚಿ ಕೆಳಗಿಳಿದಳು.

“ಉದ್ಘಾಟನೆಯ ದಿನವೂ ಹೀಗೇ ಮಲಗಿ ತೋರಿಸ್ತೀರಾ?” ಮೇಡಂ ಹಿಂದಿಯಲ್ಲಿ ಕೇಳಿದರು.

“ಬೇಡ ಮೇಡಂ. ನಾಳೆ ಒಂದು ರಜೆ ಸಿಕ್ಕಿದರೆ ಸಾಕು.”

ಮೇಡಂ ರಂಜಿತ್‌ನ ಕಡೆ ನೋಡಿದರು. ಅವನು ಬೇಗನೆ ಆಗಲಿ ಎಂದು ತಲೆಯಾಡಿಸಿದ.

ಸಂಜೆ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯ ತಮ್ಮ ಕೋಣೆಯಲ್ಲಿ ಗಂಡ ನಾರ್ಬರ್ಟ್ ಅವಳ ಬೆನ್ನಿಗೆ ಮುಲಾಮು ಉಜ್ಜಿದ. ಹೋಟೆಲಿನ ಡ್ಯೂಟಿಯಲ್ಲಿ ನಿಂತು ನಿಂತು ಅವನ ಕಾಲೂ ಊದಿತ್ತು.

“ಎಷ್ಟೊತ್ತು ಹಾರಿತ್ತಂತೆ ಆ ಅಸಲಿ ವಿಮಾನ?”

“ಮೊದಲ ಸಲ ಒಂದು ನಿಮಿಷವೂ ಇಲ್ವಂತೆ.”

“ಅಷ್ಟಕ್ಕೆ ಇಷ್ಟು ಹೊಲಿಗೆಯಾ ಮಾರಾಯ್ತಿ?”

“ಆ ಅಣ್ಣತಮ್ಮಂದಿರೂ ಕೂತು ಹೊಲಿದದ್ದೇ ಅಂತೆ. ಅವರಿಗೂ ಬೆನ್ನು ನೋವು ಬಂದಿರ್ಬೇಕು,” ಎಂದಳು ಫೆಲ್ಸಿ, ದಿಂಬಿಗೆ ಮುಖ ಒತ್ತಿ. “ನಾಳೆ ಅಲಾರಂ ಇಡ್ಬೇಡಿ.”