ಒಸಾಕಾಕ್ಕೆ ಹೋದ ನಲವತ್ತು ರೊಟ್ಟಿ

ಔರಾದಿನ ಬುದ್ಧ ವಿಹಾರದ ಬಾಗಿಲಿಗೆ ಕಟ್ಟಿದ ಬ್ಯಾನರಿನಲ್ಲಿ ಉತ್ತಮನ ಮುಖ ಬುದ್ಧನ ಮುಖಕ್ಕಿಂತ ನಾಲ್ಕು ಬೆರಳು ದೊಡ್ಡದಾಗಿತ್ತು. ಕೆಳಗೆ ‘ಒಸಾಕಾ ನಗರದ ಊಟ ಮತ್ತು ಸಂಸ್ಕೃತಿ: ಸ್ವಾನುಭವದ ಉಪನ್ಯಾಸ’ ಎಂದಿತ್ತು. ‘ಸ್ವಾನುಭವ’ ಎಂಬುದನ್ನು ಓದಿದವನೇ ಅವನು ಬ್ಯಾನರಿಗೆ ಬೆನ್ನು ಮಾಡಿ ನಿಂತ.

ಶಾಲೆಯೊಂದರ ಗುಮಾಸ್ತನಾದ ಉತ್ತಮ ಬೌದ್ಧ ಯಾತ್ರಿಕರ ಗುಂಪಿನ ಜೊತೆ ಜಪಾನಿಗೆ ಹೋಗಿ ಐದು ದಿನ ಒಸಾಕಾದಲ್ಲಿದ್ದು ಬಂದಿದ್ದ. ಅಲ್ಲಿಯ ಅಡುಗೆಯಲ್ಲಿ ಏನಿರುತ್ತದೋ ಎಂದು ಹೆದರಿ, ಉಳಿದವರು ಊಟಕ್ಕೆ ಕರೆದಾಗಲೆಲ್ಲ ‘ಉಪವಾಸ’ ಎಂದಿದ್ದ. ಆಮೇಲೆ ಕೋಣೆಯ ಕದ ಹಾಕಿಕೊಂಡು, ಹೆಂಡತಿ ಸುಭದ್ರಾಬಾಯಿ ಡಬ್ಬಿ ತುಂಬಿ ಕಳಿಸಿದ್ದ ನಲವತ್ತು ಕಡಕ್ ರೊಟ್ಟಿಗಳಿಗೆ ಶೇಂಗಾ ಚಟ್ನಿಪುಡಿ, ಅವರ ಮಾತಿನಲ್ಲಿ ಹಿಂಡಿ, ಹಚ್ಚಿಕೊಂಡು ದಿನ ದೂಡಿದ್ದ. ಕೋಣೆ ಗುಡಿಸಲು ಬರುತ್ತಿದ್ದ ಮುದುಕಿಯೊಬ್ಬಳನ್ನು ಬಿಟ್ಟರೆ ಒಸಾಕಾದಲ್ಲಿ ಅವನು ಹತ್ತಿರದಿಂದ ನೋಡಿದ್ದು ಏನೂ ಇಲ್ಲ.

ಊರಿಗೆ ಬಂದಾಗ ಸುಭದ್ರಾಬಾಯಿ ಖಾಲಿ ಡಬ್ಬಿ ಅಲ್ಲಾಡಿಸಿ ನೋಡಿದಳು. ಏನು ಹೇಳಬೇಕೋ ತಿಳಿಯದೆ ಅವನು, “ಒಸಾಕಾದ ಮಂದಿ ಕಸಗೊಂಡು ತಿಂದ್ರು” ಅಂದುಬಿಟ್ಟ. ಅಂದಿನಿಂದ ಆಕೆ ಓಣಿಯಲ್ಲಿ ನಡೆಯುವ ಗತ್ತೇ ಬದಲಾಯಿತು.

ಸುಳ್ಳು ಅಲ್ಲಿಗೆ ನಿಲ್ಲಲಿಲ್ಲ. ಬೀದರಿನ ಕಾಲೇಜೊಂದರಲ್ಲಿ ಭಾಷಣಕ್ಕೆ ಕರೆದರು. ಪಡ್ಡಿನ ಹಂಚಿನಂಥದ್ದರಲ್ಲಿ ಆಕ್ಟೋಪಸ್ ಚೂರು ಹಾಕಿ ಬೇಯಿಸುವ ತಾಕೊಯಾಕಿ ಎಂಬ ತಿಂಡಿಯ ಬಗ್ಗೆ ಮೊಬೈಲಿನಲ್ಲಿ ಓದಿಕೊಂಡು ಹೋಗಿ, ‘ನೋಡಿದೆ’ ಎಂದ. ಭಾಲ್ಕಿಯಲ್ಲಿ ‘ಎರಡು ತಿಂದೆ’ ಎಂದ. ಸಂತಪುರಕ್ಕೆ ಬರುವಷ್ಟರಲ್ಲಿ ಹನ್ನೆರಡು ತಿಂದು, ಅಂಗಡಿಯವನಿಗೇ ಹಿಟ್ಟಿನ ಹದ ಹೇಳಿಕೊಟ್ಟಿದ್ದ.

ಆದರೆ ಅವು ಮೂರೂ ಬರೀ ಸಭೆಗಳು. ಇದು ವಿಹಾರ, ಪಂಚಶೀಲ ಹೇಳದೆ ಇಲ್ಲಿ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ.

“ಉತ್ತಮಣ್ಣಾ, ಪಂಚಶೀಲ ನೀವೇ ಹೇಳಿಕೊಡ್ರಿ,” ಎಂದ ವಿಹಾರದ ಕಾರ್ಯದರ್ಶಿ ಕೈಲಾಶ.

“ಬ್ಯಾರೆಯವರಿಗೆ ಹೇಳೋ. ನನ್ನ ಗಂಟಲಾ ಕೆಟ್ಟದ.”

“ಜಪಾನಿನ ಥಂಡಿ ಇನ್ನಾ ಬಿಟ್ಟಿಲ್ಲೇನ್ರಿ?” ಎಂದು ನಕ್ಕು ಕೈಲಾಶ ಮೈಕನ್ನು ಕೈಯಲ್ಲಿಟ್ಟೇಬಿಟ್ಟ.

ಮೂರು ಶೀಲಗಳು ಸಲೀಸಾಗಿ ದಾಟಿದವು. ನಾಲ್ಕನೆಯದು ಸುಳ್ಳು ಹೇಳುವುದಿಲ್ಲ ಎಂಬುದು. ಉತ್ತಮ ಮೈಕನ್ನು ಬಾಯಿಂದ ದೂರ ಹಿಡಿದ. ಅವನು ಹೇಳಿದ್ದನ್ನೇ ಮರಳಿ ಹೇಳಲು ನೂರು ಜನ ಕೈಮುಗಿದು ಕಾದಿದ್ದರು. ಮುಂದಿನ ಸಾಲಿನಲ್ಲಿ ಬಿಳಿ ಸೀರೆಯುಟ್ಟು ಕೂತಿದ್ದ ಸುಭದ್ರಾಬಾಯಿ ‘ಹೇಳ್ರಿ’ ಎಂದು ಕಣ್ಣಲ್ಲೇ ಅಂದಳು. ನಿಜ ಹೇಳಿದರೆ ಆಕೆಯ ತಲೆ ತಗ್ಗುತ್ತದೆ. ಹೇಳದಿದ್ದರೆ ಎದುರಿಗೆ ಬುದ್ಧ. ಹೇಗೋ ಐದನ್ನೂ ಮುಗಿಸಿದ. ಉಪನ್ಯಾಸಕ್ಕೆ ಎದ್ದವನೇ ಹೇಳಿಬಿಟ್ಟ:

“ನಾ ಅಲ್ಲಿ ಏನೂ ತಿಂದಿಲ್ರಿ. ತಾಕೊಯಾಕಿ ಮೊಬೈಲಿನಾಗ ನೋಡೀನಿ. ಐದು ದಿನಾ ಮನಿಯಿಂದ ಒಯ್ದ ನಲವತ್ತು ರೊಟ್ಟೀನೇ ಹಿಂಡಿ ಹಚ್ಚಿ ತಿಂದೀನಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಆಮೇಲೆ ಚಿಂತಾಕಿಯಿಂದ ಬಂದಿದ್ದ ಮಾಣಿಕ ಎಂಬ ಹಿರಿಯರು ಎದ್ದರು. ಉತ್ತಮ ತಲೆ ತಗ್ಗಿಸಿದ.

“ಐದು ದಿನಕ್ಕ ನಲವತ್ತು ಸಾಲ್ತಾವೇನ್ರಿ?”

“ವಿಮಾನದಾಗ ಹಿಂಡಿ ಒಯ್ಲಾಕ ಬಿಡ್ತಾರೇನ್ರಿ?” ಎಂದರು ಇನ್ನೊಬ್ಬರು. ಇಬ್ಬರು ಬರೆದುಕೊಳ್ಳತೊಡಗಿದರು. ಒಸಾಕಾದ ಬಗ್ಗೆ ಇಷ್ಟು ಆಸಕ್ತಿ ಬೀದರಿನ ಪ್ರಾಧ್ಯಾಪಕರೂ ತೋರಿಸಿರಲಿಲ್ಲ.

ಶಾಲು ಹೊದಿಸುವಾಗ ಕೈಲಾಶ ಕಿವಿಯಲ್ಲಿ ಉಸುರಿದ: “ವರದಿ ಮುಂಜಾನೇನೇ ಪೇಪರಿಗೆ ಕಳಿಸೀನಿ ಅಣ್ಣಾ. ಅದರಾಗ ನೀವು ಹನ್ನೆರಡು ತಿಂದೀರಿ. ಈಗ ಕಡಿಮಿ ಮಾಡ್ಲಾಕ ಬರಂಗಿಲ್ಲ.”

ಸುಭದ್ರಾಬಾಯಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಚಪ್ಪಲಿ ಮೆಟ್ಟುವಾಗ ತಗ್ಗಿದ ದನಿಯಲ್ಲಿ ಕೇಳಿದಳು: “ಒಬ್ಬರೂ ತಿಂದಿಲ್ಲೇನ್ರಿ?”

“ಒಬ್ಬಾಕಿ ತಿಂದಾಳ. ಕೋಣಿ ಗುಡಿಸೋ ಮುದುಕಿ. ಆಕಿ ರೊಟ್ಟಿ ನೋಡೋದು ನೋಡಿ ತಡಿಲಾರದ ಒಂದು ಕೊಟ್ಟೆ. ಕಟಕಟ ಸಪ್ಪಳಕ್ಕ ನಾಚಿ, ಬಾಯಿಗಿ ಕೈ ಅಡ್ಡ ಹಿಡಿದು ಪೂರಾ ತಿಂದಳು. ಮರುದಿನ ನನ್ನ ಮೇಜಿನ ಮ್ಯಾಲ ಅನ್ನದ ಮುದ್ದಿ ಇಟ್ಟಿದ್ದಳು, ಕರೀ ಹಾಳಿಯಂಥಾದು ಸುತ್ತಿ.”

“ಹ್ಯಾಂಗಿತ್ತು?”

ನಾಲ್ಕನೆಯ ಶೀಲ ಇನ್ನೂ ನಾಲಗೆಯ ಮೇಲಿತ್ತು. “ತಿಂದಿಲ್ಲ. ಹೆದರಿ ಅಲ್ಲೇ ಬಿಟ್ಟು ಬಂದೆ.”

ಸುಭದ್ರಾಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅದು ನಿಮಗ ಇಟ್ಟಿದ್ದಲ್ರಿ. ನನ್ನ ರೊಟ್ಟಿಗಿ ಇಟ್ಟಿದ್ದು.”

ಅವನ ಹೆಗಲ ಮೇಲಿನ ಶಾಲನ್ನು ಎಳೆದು ತಾನೇ ಹೊದ್ದುಕೊಂಡು, ಆಕೆ ಮನೆಯ ಕಡೆ ನಡೆದಳು.