ಮೊದಲ ಬೆಂಕಿ

ತೊಂಬತ್ತಾರನೇ ಇಸವಿ, ಆಷಾಢ ಕಳೆದಿತ್ತು. ಹೊಸಕೆರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಮುಂಚೆ ಬಾಯ್ಲರ್ ಪೂಜೆ. ಮೊದಲ ಬೆಂಕಿ ಇಡುವುದು ಬಾಯ್ಲರಿಗೆ ಉರಿ ಹಾಕುವ ಹಿರಿಯ ಫೈರ್‌ಮನ್ನಿನ ಹೆಂಡತಿಯೇ ಆಗಬೇಕು. ಮುತ್ತೈದೆಯ ಕೈ ಸೋಕದಿದ್ದರೆ ಆ ವರ್ಷ ಬಾಯ್ಲರ್ ಮುನಿಯುತ್ತದೆ ಅಂತ ಅಲ್ಲಿಯವರ ನಂಬಿಕೆ. ಹಾಗಾಗಿ ದೇವರಾಜುವಿನ ಹೆಂಡತಿ ಬೆಟ್ಟಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು, ಮುಡಿತುಂಬ ಮಲ್ಲಿಗೆ ಮುಡಿದು ಹೊರಟಳು. ಹೊಟ್ಟೆಯೊಳಗೆ ಮಾತ್ರ ಆಗಲೇ ಬೆಂಕಿ ಹತ್ತಿಕೊಂಡಿತ್ತು.

ಹತ್ತದೆ ಏನು ಮಾಡೀತು? ಮಗಳು ರಮ್ಯ ಸಿಇಟಿ ಬರೆದು ಮೈಸೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೀಟು ಹೊಡೆದಿದ್ದಳು. ಕಾರ್ಮಿಕರ ಮಕ್ಕಳಿಗೆ ಕಾರ್ಖಾನೆ ಕೊಡುವ ಸ್ಕಾಲರ್‌ಶಿಪ್ ಬಂದರೆ ಆ ಸೀಟು, ಇಲ್ಲದಿದ್ದರೆ ಬಸ್ಸು ಹತ್ತಿ ಕೆ.ಆರ್. ಪೇಟೆಯ ಟೈಪಿಂಗ್ ಕ್ಲಾಸು. ಹೋದ ವಾರದ ಸಂದರ್ಶನದಲ್ಲಿ ವೆಲ್‌ಫೇರ್ ಆಫೀಸರ್ ಶಿವಶಂಕರ್, "ಮುಂದೆ ಏನಾಗ್ತೀಯಮ್ಮ?" ಅಂತ ಕೇಳಿದರು. "ಬಾಯ್ಲರ್ ಇಂಜಿನಿಯರ್ ಆಗ್ತೀನಿ ಸಾರ್" ಅಂದಳು ಹುಡುಗಿ. ಕಮಿಟಿಯವರೆಲ್ಲ ಗೊಳ್ಳೆಂದು ನಕ್ಕರಂತೆ. "ಬಾಯ್ಲರ್ ಮನೇಲಿ ಹೆಣ್ಣುಮಕ್ಕಳಿಗೇನು ಕೆಲಸ? ಟಿಸಿಎಚ್ ಮಾಡಿ ಟೀಚರ್ ಆಗ್ತೀನಿ ಅನ್ನು, ಇವತ್ತೇ ಮಂಜೂರು ಮಾಡ್ತೀವಿ" ಅಂದರಂತೆ ಶಿವಶಂಕರ್. ರಮ್ಯ ಅನ್ನಲಿಲ್ಲ. ಅರ್ಜಿ ಮೂಲೆಗೆ ಬಿತ್ತು.

"ಟೀಚರ್ ಅಂದ್ಬುಟ್ಟಿದ್ರೆ ನಿನ್ ಗಂಟೇನ್ ಓಯ್ತಿತ್ತು?" ಎಂದು ದೇವರಾಜು ಮಗಳನ್ನು ಗದರಿದ್ದ. ಪಾಪ, ಸಾಹೇಬರ ಮುಂದೆ ಬಗ್ಗಿ ಬಗ್ಗಿ ಅವನ ಬೆನ್ನು ಹಾಗೇ ನಿಂತುಹೋಗಿತ್ತು.

"ಸುಮ್ಕಿರಿ, ನನ್ ಮಗ್ಳೇನು ಕಳ್ತನ ಮಾಡವ್ಳಾ?" ಎಂದು ಬೆಟ್ಟಮ್ಮ ಅವನ ಬಾಯಿ ಮುಚ್ಚಿಸಿದ್ದಳು.

ನಾಗಮಂಗಲದಿಂದ ಬಂದಿದ್ದ ಪೂಜಾರಿ ದಾಸಯ್ಯ ಕುಂಬಳಕಾಯಿ ಒಡೆದು, ಎಣ್ಣೆಯ ಪಂಜು ಹಚ್ಚಿ ಬೆಟ್ಟಮ್ಮನ ಕೈಗೆ ಕೊಟ್ಟರು. "ಬೇಗ ಇಡವ್ವ, ರಾಹುಕಾಲ ಬತ್ತಾ ಅದೆ." ದೇವರಾಜು ಬಾಯ್ಲರಿನ ಬಾಗಿಲ ಹಿಡಿ ಹಿಡಿದು ಕಾದು ನಿಂತಿದ್ದ.

ಬೆಟ್ಟಮ್ಮ ಪಂಜು ಹಿಡಿದುಕೊಂಡೇ, ಯಜಮಾನರ ಪಕ್ಕ ನಿಂತಿದ್ದ ಶಿವಶಂಕರ್ ಕಡೆ ತಿರುಗಿದಳು.

"ಸಾರ್, ಬಾಯ್ಲರ್ ಮನೇಲಿ ಎಣ್ಣುಮಕ್ಳಿಗೇನು ಕೆಲ್ಸ ಅಂದ್ರಂತೆ. ಅಂಗಾರೆ ನಂಗೇನು ಕೆಲ್ಸ ಇಲ್ಲಿ?"

ಶಿವಶಂಕರ್ ಮುಖ ಕಪ್ಪಿಟ್ಟಿತು. "ಇದು ಪೂಜೆ ಬೆಟ್ಟಮ್ಮ, ಅದೇ ಬೇರೆ. ಆಮೇಲೆ ಮಾತಾಡೋಣ."

"ನನ್ ಮಗ್ಳ ಸ್ಕಾಲರ್‌ಶಿಪ್ಪು ಆಮೇಲಾದ್ರೆ ನಾನೂ ಆಮೇಲೇ ಅಚ್ತೀನಿ ಬುಡಿ."

ಶಿವಶಂಕರ್ ಸಿಡುಕಿ ಮಂಚಮ್ಮನನ್ನು ಕರೆದರು. ಆಕೆ ಇನ್ನೊಬ್ಬ ಫೈರ್‌ಮನ್ನಿನ ಹೆಂಡತಿ, ನಲ್ಲಿ ನೀರಿಗೆ ಬೆಟ್ಟಮ್ಮನ ಜೊತೆ ದಿನಾ ಜಗಳ ಕಾಯುವವಳು. ಸಿಕ್ಕಿದ್ದೇ ಛಾನ್ಸು ಅಂತ ಓಡಿ ಬರುತ್ತಾಳೆ ಅಂದುಕೊಂಡರೆ, ಎರಡೂ ಕೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡಳು. "ನಂಗೂ ಎಣ್ಣುಮಕ್ಳವ್ರೆ ಸಾರ್. ನಾ ಒಲ್ಲೆ."

ಪಂಜಿನ ಎಣ್ಣೆ ತೊಟ್ಟಿಕ್ಕಿ ಬೆಟ್ಟಮ್ಮನ ಮುಂಗೈ ಸುಟ್ಟಿತು. ಭಯವೂ ಆಯಿತು: ಗಂಡನ ಕೆಲಸಕ್ಕೇ ಸಂಚಕಾರ ಬಂದರೆ? ಆದರೂ ಕೈ ಇಳಿಸಲಿಲ್ಲ. ಹೊರಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿದ್ದವು. ಕಾರ್ಖಾನೆಯ ಯಜಮಾನರು ಗಡಿಯಾರ ನೋಡಿದರು, ದಾಸಯ್ಯನ ಮುಖ ನೋಡಿದರು, ಕೊನೆಗೆ ಎಲ್ಲರೆದುರಿಗೇ ಶಿವಶಂಕರ್ ಮೇಲೆ ರೇಗಿದರು. "ಥತ್, ಕೊಟ್ಟುಬಿಡ್ರೀ ಆ ಸ್ಕಾಲರ್‌ಶಿಪ್ಪು! ಇಂಜಿನಿಯರಾದ್ರೂ ಆಗ್ಲಿ, ಏನಾದ್ರೂ ಆಗ್ಲಿ."

"ಇಂಜಿನೇರೇ ಆಗ್ತಾಳೆ ಸಾರ್" ಅಂದಳು ಬೆಟ್ಟಮ್ಮ. ಆಮೇಲೆ ಬಾಯ್ಲರ್ ಮನೆಯ ಹೊಸಿಲಿನಾಚೆ ನಿಂತಿದ್ದ ಮಗಳತ್ತ ತಿರುಗಿದಳು. "ಬಾ ಮಗಾ, ನೀನೇ ಇಡು."

"ಅಯ್ಯಯ್ಯೋ, ಮದ್ವೆ ಆಗ್ದಿರೋ ಎಣ್ಣು!" ಎಂದರು ದಾಸಯ್ಯ. ರಮ್ಯ ಅಷ್ಟರಲ್ಲಿ ಹೊಸಿಲು ದಾಟಿ ಬಂದು ಪಂಜು ಇಸಿದುಕೊಂಡಿದ್ದಳು.

"ದೇವರಾಜು, ಬಾಗಿಲು ತೆಗೀಬೇಡ!" ಶಿವಶಂಕರ್ ಕೂಗಿದರು.

ದೇವರಾಜು ಸಾಹೇಬರನ್ನು ನೋಡಿದ. ಹೆಂಡತಿಯ ಸುಟ್ಟ ಕೈ ನೋಡಿದ. ಹಿಡಿ ಎಳೆದು ಬಾಗಿಲನ್ನು ಪೂರ್ತಿ ತೆರೆದ.

"ವಸಿ ಒಳೀಕ್ ಕೈ ನೀಡು ಕಣವ್ವ" ಅಂದ ಮಗಳಿಗೆ. "ಆಗ್ಲೇ ಚೆಂದಾಗಿ ಅತ್ಕೊಳ್ಳೋದು."