ಪಂಪು ತೊಳೆಯಬೇಕಿತ್ತು

ಪಾರ್ಶ್ವವಾಯು ಹೊಡೆದು ಎರಡು ತಿಂಗಳಾಯಿತು. ಬಲಗಡೆಯ ಕೈಕಾಲು ಹೋದದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ನಾಲಿಗೆ ಹೋಯಿತಲ್ಲ, ಅದು ಅನ್ಯಾಯ. ಜೀವನವಿಡೀ ನಾಲಿಗೆಯಿಂದಲೇ ಬದುಕಿದವನು ನಾನು. ಸಾಕುಮೀನಿನ ಅಂಗಡಿಯಲ್ಲಿ ಕೂತು ಬಂದ ಗಿರಾಕಿಗಳಿಗೆಲ್ಲ ಬೈಯುತ್ತಿದ್ದೆ. “ತಿಂಗಳಿಗೊಂದ್ಸಲ ಪಂಪು ಬಿಚ್ಚಿ ತೊಳೀರಿ ಅಂದಿದ್ನಲ್ಲ, ತೊಳೆದ್ರಾ? ಈಗ ಮೀನು ಸತ್ತೋಯ್ತು ಅಂತ ಬಂದ್ರೆ ನಾನೇನು ದೇವ್ರಾ?” ಬೈಸಿಕೊಂಡೂ ಜನ ಬರುತ್ತಿದ್ದರು.

ಈಗ ನಡುಮನೆಯಲ್ಲಿ, ನನ್ನ ಸ್ವಂತ ತೊಟ್ಟಿಯ ಎದುರಿಗೇ ಮಂಚ ಹಾಕಿ ಮಲಗಿಸಿದ್ದಾರೆ. ತೊಟ್ಟಿಯಲ್ಲಿರುವುದು ಒಂದೇ ಒಂದು ಮುದಿ ಗೋಲ್ಡ್‌ಫಿಶ್. ಹೆಂಡತಿ ಅದನ್ನು ಡುಮ್ಮ ಎನ್ನುತ್ತಾಳೆ. ಮಾತಾಡದ ಗಂಡನ ಜೊತೆ ಮಾತಾಡಿ ಸಾಕಾದಾಗ ಅದರ ಜೊತೆ ಹರಟುತ್ತಾಳೆ. ಈ ಎರಡು ತಿಂಗಳಲ್ಲಿ ಅವಳು ನಕ್ಕಿದ್ದು ಆ ಗಾಜಿನ ಮುಂದೆ ಮಾತ್ರ. ಅದೂ ಹೋದರೆ ಅವಳ ಪಾಲಿಗೆ ನಾನೊಬ್ಬನೇ ಉಳಿಯುತ್ತೇನೆ. ನೆನೆಸಿಕೊಂಡರೆ ಭಯವಾಗುತ್ತದೆ.

ನಮ್ಮ ನಲ್ಲಿಯ ನೀರು ಬಲು ಗಡಸು. ಆವಿಯಾಗುವುದು ನೀರು ಮಾತ್ರ, ಸುಣ್ಣದಂಶ ಅಲ್ಲೇ ಉಳಿಯುತ್ತದೆ. ಇಳಿದಷ್ಟು ನೀರನ್ನು ಹೆಂಡತಿ ತಪ್ಪದೆ ತುಂಬುತ್ತಾಳೆ, ತುಂಬಿದಷ್ಟೂ ಸುಣ್ಣ ಕೂರುತ್ತದೆ. ಮೆದು ನೀರಿನ ಮನೆಯಲ್ಲಾದರೆ ಮೂರು ತಿಂಗಳು ತಳ್ಳಬಹುದು. ನಮ್ಮಲ್ಲಿ ತಿಂಗಳು ದಾಟಿದರೆ, ನೀರನ್ನು ಸುತ್ತಿಸಿ ಮೀನಿನ ಉಸಿರಿಗೆ ಗಾಳಿ ಬೆರೆಸುವ ಪಂಪಿನೊಳಗಿನ ಪುಟ್ಟ ಚಕ್ರಕ್ಕೆ ಬಿಳಿ ಪದರ ಕಟ್ಟಿ ಅದು ಏದುಸಿರು ಬಿಡತೊಡಗುತ್ತದೆ. ಬಿಚ್ಚಿ, ವಿನೆಗರಿನಲ್ಲಿ ನೆನೆಹಾಕಿ, ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಜಾಲಿಸಿ ಹಾಕಿದರೆ ಆಯಿತು. ಯಾರು ಬೇಕಾದರೂ ಮಾಡುವ ಕೆಲಸ. ಹೇಳುವವರು ಬೇಕು, ಅಷ್ಟೇ.

ಎರಡು ವಾರದಿಂದ ಪಂಪು ಗರಗರ ಎನ್ನುತ್ತಿದೆ. ನಾನು ಎಡಗೈ ಎತ್ತಿದೆ.

“ನೀರು ಬೇಕೇನ್ರೀ?” ಎಂದಳು ಹೆಂಡತಿ. ಕುಡಿಸಿದಳು. ಮತ್ತೆ ಎತ್ತಿದೆ. ಟೀವಿ ಹಾಕಿದಳು. ಮತ್ತೆ ಎತ್ತಿದೆ. ಬೆಡ್‌ಪ್ಯಾನ್ ತಂದಳು. ಮೈಯೆಲ್ಲ ಉರಿದುಹೋಯಿತು. ಪೆನ್ಸಿಲ್ ಕೊಟ್ಟು ನೋಡಿದ್ದೂ ಆಗಿದೆ. ತಲೆಯಲ್ಲಿರುವ ಅಕ್ಷರ ಕೈಗೆ ಬರುವಷ್ಟರಲ್ಲಿ ಬರೀ ಗೀಟಾಗಿರುತ್ತದೆ.

ಇವತ್ತು ಮಧ್ಯಾಹ್ನ ಮಗಳು ಬಂದಳು. ನನ್ನ ಕೈ ಹೋದ ದಿಕ್ಕನ್ನೇ ದಿಟ್ಟಿಸಿದಳು. “ಅಮ್ಮಾ, ಅಪ್ಪ ತೊಟ್ಟಿ ತೋರಿಸ್ತಿದಾರೆ ಕಣೇ.” ನನ್ನ ಕಣ್ಣು ತುಂಬಿಬಂತು. ಎಷ್ಟಾದರೂ ನನ್ನ ಮಗಳಲ್ಲವೇ.

“ಪಂಪಾ ಅಪ್ಪಾ?”

ತಲೆಯಾಡಿಸಿದೆ.

“ಸದ್ದು ಜಾಸ್ತಿ ಆಗಿದೆ, ಅಲ್ವಾ?”

ಜೋರಾಗಿ ಆಡಿಸಿದೆ. ಆ ಸದ್ದೇ ಕಣಮ್ಮ, ಆ ಸದ್ದೇ.

“ಅಯ್ಯೋ ಪಾಪ, ಇಷ್ಟು ದಿನ ನಿದ್ದೆನೇ ಬಂದಿಲ್ಲ ಅಂತ ಕಾಣುತ್ತೆ.” ಮಗಳು ಹೋಗಿ ಸ್ವಿಚ್ ಆರಿಸಿದಳು.

ಮನೆ ನಿಶ್ಶಬ್ದವಾಯಿತು. ನಾನು ಕೂಗಿದೆ. ಬಾಯಿಂದ ಹೊರಟದ್ದು ಒಂದು ಗೊರಗೊರ ಸದ್ದು, ಜೊತೆಗೆ ಜೊಲ್ಲು. ಎಡಗೈಯಿಂದ ಹಾಸಿಗೆ ಬಡಿದೆ. ಹೆಂಡತಿ ಆ ಕೈ ಹಿಡಿದುಕೊಂಡಳು. “ಆಯ್ತು ರೀ, ಆಯ್ತು. ಆರಿಸಿದ್ವಲ್ಲ. ಇಷ್ಟು ಸಣ್ಣ ವಿಷಯ ತಿಳ್ಕೊಳ್ಳೋಕೆ ನಂಗೆ ಇಷ್ಟು ದಿನ ಬೇಕಾಯ್ತು.” ಅವಳು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ. ಮಗಳು ಇಬ್ಬರ ಕಣ್ಣನ್ನೂ ಒರೆಸಿದಳು.

ಸೆಖೆಯ ದಿನ, ದೊಡ್ಡ ಮೀನು, ಚಿಕ್ಕ ತೊಟ್ಟಿ. ಇಂಥ ಕಡೆ ನೀರಿನ ಓಡಾಟ ನಿಂತುಬಿಟ್ಟರೆ ಏನಾಗುತ್ತದೆಂದು ಎಷ್ಟು ಜನರಿಗೆ ಹೇಳಿಲ್ಲ ನಾನು. ಸ್ವಲ್ಪ ಹೊತ್ತಿಗೆ ಡುಮ್ಮ ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿತು. “ಹಸಿವಾಗಿದೆ ಅದಕ್ಕೆ” ಎಂದು ಮಗಳು ಒಂದು ಚಿಟಿಕೆ ಕಾಳು ಹೆಚ್ಚಾಗಿಯೇ ಹಾಕಿದಳು. ಆಮೇಲೆ ಬೆನ್ನು ಹುಣ್ಣಾಗದಿರಲೆಂದು ಇಬ್ಬರೂ ಸೇರಿ ನನ್ನನ್ನು ಗೋಡೆಯ ಕಡೆಗೆ ಹೊರಳಿಸಿದರು. ಬೆನ್ನಿಗೆ ದಿಂಬು ಒತ್ತಿಟ್ಟರು.

ಹಿಂದಿನಿಂದ ಹೆಂಡತಿಯ ದನಿ ಕೇಳುತ್ತಿದೆ, ಎಷ್ಟೋ ದಿನದ ಮೇಲೆ ಹಗುರಾಗಿ: “ಏನೋ ಡುಮ್ಮ, ಇವತ್ತು ಮೇಲೆ ಬಂದು ನನ್ನ ಜೊತೆ ಇಷ್ಟೊಂದು ಮಾತಾಡ್ತಿದೀಯ?”